ಹಳೆಯ ಫಿಯೆಟ್ಟಿನ ಬಣ್ಣ: ಹೇಗೆ ತೆಗೆಯಬೇಕು, ಎಷ್ಟು ತೆಗೆಯಬೇಕು?

ಪ್ರಶ್ನೆ: ಅಜ್ಜ ಹತ್ತಿ ವ್ಯಾಪಾರದಲ್ಲಿದ್ದಾಗ ಕೊಂಡಿದ್ದ 1968ರ ಫಿಯೆಟ್ 1100 ಡಿಲೈಟ್ ಕಾರು ದಾವಣಗೆರೆಯ ನಮ್ಮ ಮನೆಯ ಶೆಡ್ಡಿನಲ್ಲಿ ಹನ್ನೆರಡು ವರ್ಷಗಳಿಂದ ನಿಂತಿದೆ. ಎಂಜಿನ್ ಸರಿಪಡಿಸಿದ್ದಾಯಿತು, ಈಗ ಬಾಡಿ ಕೆಲಸಕ್ಕೆ ಕೈಹಾಕಬೇಕು. ಮಡ್‌ಗಾರ್ಡ್‌ಗಳ ಮತ್ತು ಬಾಗಿಲುಗಳ ಕೆಳಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬಾನೆಟ್ಟಿನ ಮೇಲೆ ಬಿರುಕು ಬಿಟ್ಟಿದೆ. ಒಬ್ಬ ಟಿಂಕರ್ (ಬಾಡಿಯ ತಗಡು ಕೆಲಸದವರು) ಇಡೀ ಬಾಡಿಯನ್ನು ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣ ಚಿಮ್ಮಿಸಿ ಬಣ್ಣ ಕೀಳುವುದು) ಮಾಡಿಸಿ, ಒಂದೇ ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಪೇಂಟ್ ರಿಮೂವರ್ ಹಚ್ಚಿದರೆ ಸಾಕು ಎನ್ನುತ್ತಾರೆ. ಪೇಂಟರ್ ಮಾತ್ರ ಏನನ್ನೂ ತೆಗೆಯುವುದು ಬೇಡ, ವಾಟರ್ ಪೇಪರಿನಲ್ಲಿ ಉಜ್ಜಿ ಮೇಲೆ ಹೊಡೆಯೋಣ ಎನ್ನುತ್ತಾರೆ. ಯಾರ ಮಾತು ಸರಿ? ಬೇಸಿಗೆ ರಜೆಯಲ್ಲಿ ಹದಿನಾಲ್ಕು ವರ್ಷದ ಮಗನನ್ನೂ ಸೇರಿಸಿಕೊಂಡು ಒಂದಷ್ಟು ಕೆಲಸವನ್ನು ನಾವೇ ಮಾಡಬಹುದೇ?

ಉತ್ತರ: ಮೂವರೂ ಸುಳ್ಳು ಹೇಳಿಲ್ಲ. ಮೂವರ ಮಾತೂ ನಿಮ್ಮ ಕಾರಿನ ಒಂದೊಂದು ಭಾಗಕ್ಕೆ ಸರಿಯಾಗಿದೆ, ಇಡೀ ಕಾರಿಗೆ ಮಾತ್ರ ಯಾರದೂ ಸರಿಯಲ್ಲ. ಚಕ್ರದ ರಿಮ್ಮಿಗೆ ಸ್ಯಾಂಡ್ ಬ್ಲಾಸ್ಟಿಂಗಿಗಿಂತ ಒಳ್ಳೆಯದು ಬೇರೆ ಇಲ್ಲ, ಆದರೆ ಅದನ್ನೇ ಬಾನೆಟ್ಟಿಗೆ ಮಾಡಿಸಿದರೆ ಆ ಬಾನೆಟ್ಟನ್ನು ಮತ್ತೆ ನೇರ ಮಾಡುವ ಟಿಂಕರ್ ಸಿಗುವುದು ಕಷ್ಟ. ಆದ್ದರಿಂದ ಹೇಗೆ ತೆಗೆಯಬೇಕು ಎಂಬುದಕ್ಕಿಂತ ಮೊದಲು ಎಲ್ಲಿ, ಎಷ್ಟು ತೆಗೆಯಬೇಕು ಎಂಬುದನ್ನು ತೀರ್ಮಾನಿಸಬೇಕು. ಚಿತ್ರದುರ್ಗದ ನನ್ನ ಶೆಡ್ಡಿಗೆ ಬರುವ ಹಳೆಯ ಕಾರುಗಳಲ್ಲಿ ಹೆಚ್ಚು ಹಾಳಾದವು ತುಕ್ಕು ಹಿಡಿದವಲ್ಲ, ಅವಸರದಲ್ಲಿ ಒಮ್ಮೆಗೇ ಬಣ್ಣ ತೆಗೆಸಿ, ಮುಂದಿನ ಕೆಲಸಕ್ಕೆ ಹಣವೋ ಸಮಯವೋ ಸಾಲದೆ ಬರಿಮೈಯಲ್ಲಿ ತಿಂಗಳುಗಟ್ಟಲೆ ನಿಂತವು.

ಮೊದಲು ಬಣ್ಣವನ್ನು ಓದಿ. ಬಾನೆಟ್ಟಿನ ಅಂಚು, ಒಂದು ಬಾಗಿಲಿನ ಕೆಳಭಾಗ, ಒಂದು ಮಡ್‌ಗಾರ್ಡ್ ಮತ್ತು ಮೇಲ್ಛಾವಣಿ, ಈ ನಾಲ್ಕು ಕಡೆ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಗವನ್ನು 180ರ ವಾಟರ್ ಪೇಪರಿನಿಂದ (ಉಜ್ಜುವ ಕಾಗದದ ಅಂಕಿ ಕಡಿಮೆಯಾದಷ್ಟೂ ಒರಟು), ನೀರು ಹಾಕಿ, ಅಂಚು ಇಳಿಜಾರಾಗುವಂತೆ ನಿಧಾನವಾಗಿ ಉಜ್ಜುತ್ತ ತಗಡು ಕಾಣುವವರೆಗೆ ಹೋಗಿ. ಮರದ ಕಾಂಡ ಕೊಯ್ದಾಗ ಕಾಣುವಂಥ ಬಳೆಗಳು ಅಲ್ಲಿ ಕಾಣುತ್ತವೆ. ಹೊಳಲ್ಕೆರೆ ಕಡೆಯಿಂದ ಬಂದ ಒಂದು ಫಿಯೆಟ್ಟಿನ ಡಿಕ್ಕಿಯ ಮೇಲೆ ಹೀಗೆ ಉಜ್ಜಿದಾಗ ಮೇಲೆ ಬಿಳಿ, ಅದರಡಿ ಬೂದು ಪ್ರೈಮರ್, ಆಮೇಲೆ ಕೆನೆ ಬಣ್ಣ, ಮತ್ತೆ ಕಂದು ಬಣ್ಣದ ಪುಟ್ಟಿ, ಕೊನೆಗೆ ತಗಡಿಗೆ ಅಂಟಿಕೊಂಡ ತೆಳುವಾದ ತಿಳಿನೀಲಿ ಕಂಡಿತು. ಆ ತಿಳಿನೀಲಿ ಉಗುರಿನಿಂದ ಕೆರೆದರೂ ಏಳಲಿಲ್ಲ. ಅದರ ಮೇಲಿದ್ದ ಎಲ್ಲವೂ ಸ್ಕ್ರೇಪರ್ ತಾಗಿದರೆ ಹಪ್ಪಳದಂತೆ ಮುರಿದು ಬೀಳುತ್ತಿತ್ತು. ಹಳೆಯ ಕಾರುಗಳಲ್ಲಿ ಈ ನೋಟ ಅಪರೂಪವಲ್ಲ. ಎಲ್ಲಕ್ಕಿಂತ ಹಳೆಯ ಪದರವೇ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಅದು ಶುಚಿಯಾದ ಹೊಸ ತಗಡಿನ ಮೇಲೆ ಕೂತದ್ದು. ನಂತರದವು ಮೇಣ, ಎಣ್ಣೆ, ಧೂಳುಗಳ ಮೇಲೆ ಕೂತವು.

ಬಳೆಗಳನ್ನು ಎಣಿಸಿದ ಮೇಲೆ ಎನ್‌ಸಿ ಥಿನ್ನರಿನಲ್ಲಿ ಅದ್ದಿದ ಬಿಳಿ ಬನಿಯನ್ ಬಟ್ಟೆಯನ್ನು ಆ ಜಾಗದ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ಒರೆಸಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂದರೆ ಆ ಪದರ ನೈಟ್ರೋಸೆಲ್ಯುಲೋಸ್ (ಎನ್‌ಸಿ), ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಡ್ಯುಕೋ ಎಂದು ಕರೆಯುವ ಬಗೆಯದು. ಕರಗದೆ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದೆ ಹೊಳಪು ಮಾತ್ರ ಸ್ವಲ್ಪ ಮಾಸಿದರೆ ಹಾರ್ಡ್‌ನರ್ ಬೆರೆಸಿ ಹೊಡೆದ ಪಿಯು (ಪಾಲಿಯುರೆಥೇನ್) ಪೇಂಟ್. ಡ್ಯುಕೋ ಎಂಬುದು ಅಮೆರಿಕದ ಡ್ಯುಪಾಂಟ್ ಕಂಪನಿಯ ಬಣ್ಣದ ಹೆಸರು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳ ಮೇಲೆ ಹೆಸರು ಮಾಡಿದ ಆ ಬಣ್ಣ ನೂರು ವರ್ಷ ಕಳೆದರೂ ನಮ್ಮ ಪೇಂಟರುಗಳ ಬಾಯಲ್ಲಿ ಉಳಿದುಕೊಂಡಿದೆ, ಪಿಯು ಹೊಡೆಯುವವರೂ ತಾವು ಹೊಡೆಯುವುದು ಡ್ಯುಕೋ ಎಂದೇ ಹೇಳುತ್ತಾರೆ. ಈ ಪರೀಕ್ಷೆ ಬೇಕಾಗಿರುವುದು ಒಂದು ಕಾರಣಕ್ಕೆ. ಎನ್‌ಸಿ ಪದರದ ಮೇಲೆ ನೇರವಾಗಿ ಪಿಯು ಹೊಡೆದರೆ ಹೊಸ ಬಣ್ಣದ ದ್ರಾವಕ ಕೆಳಗಿಳಿದು ಹಳೆಯದನ್ನು ಎಬ್ಬಿಸುತ್ತದೆ, ಮೇಲ್ಮೈ ಒಣಗಿದ ಹಾಲಿನ ಕೆನೆಯಂತೆ ಸುಕ್ಕಾಗುತ್ತದೆ. ನಿಮ್ಮ ಪೇಂಟರ್ ಹೇಳಿದಂತೆ ಉಜ್ಜಿ ಮೇಲೆ ಹೊಡೆಯುವುದು ಎಲ್ಲಿ ಸಾಧ್ಯ, ಎಲ್ಲಿ ಅಸಾಧ್ಯ ಎಂಬುದು ಈ ಬನಿಯನ್ ಬಟ್ಟೆಯಲ್ಲೇ ಗೊತ್ತಾಗುತ್ತದೆ.

ಮೂರನೆಯ ಪರೀಕ್ಷೆ ಅಯಸ್ಕಾಂತದ್ದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಕಾರಿನ ಮೈಮೇಲೆ ಎಳೆಯುತ್ತ ಹೋಗಿ. ಅದು ಹಿಡಿತ ಬಿಟ್ಟಲ್ಲಿ ಕೆಳಗೆ ಪುಟ್ಟಿಯೋ, ತಗಡೇ ಇಲ್ಲದ ತೂತೋ ಇದೆ, ಸೀಸದ ಬೆಸುಗೆಯೂ ಇರಬಹುದು. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆಂದು ತಿಳಿಯಬೇಕು, 1000 ದಾಟಿದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಕಾಣಿಸಿದ್ದನ್ನೆಲ್ಲ ಸೀಮೆಸುಣ್ಣದಲ್ಲಿ ಕಾರಿನ ಮೇಲೇ ಬರೆದು ಫೋಟೊ ತೆಗೆದಿಟ್ಟುಕೊಳ್ಳಿ. ಒಮ್ಮೆ ಒಂದು ಕಾರಿನ ಬಾಗಿಲಡಿಯ ಸಿಲ್ಲಿನಲ್ಲಿ ಪುಟ್ಟಿ ಒಡೆದಾಗ ಒಳಗಿನಿಂದ ಮಡಿಸಿ ತುರುಕಿದ ಕನ್ನಡ ದಿನಪತ್ರಿಕೆ ಹೊರಬಂತು, ಮಳೆನೀರು ಕುಡಿದು ಹಲಗೆಯಂತೆ ಗಟ್ಟಿಯಾಗಿತ್ತು. ನಿಮ್ಮ ಕಾರು ಕೂಡ ಮೊನೊಕಾಕ್, ಅದಕ್ಕೆ ಬೇರೆ ಚಾಸಿಸ್ ಇಲ್ಲ. ಆ ಸಿಲ್ಲುಗಳೇ ಕಾರಿನ ಬೆನ್ನುಮೂಳೆ, ಆದ್ದರಿಂದ ಅಲ್ಲಿ ಪುಟ್ಟಿ ಕಂಡರೆ ಒಂದು ಚೂರೂ ಉಳಿಸದೆ ತೆಗೆಯಲೇಬೇಕು.

ಈ ಮೂರು ಪರೀಕ್ಷೆಗಳ ನಂತರ ಕಾರು ಹೆಚ್ಚುಕಡಿಮೆ ತಾನೇ ಮೂರು ಪಾಲಾಗುತ್ತದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಬಾನೆಟ್, ಮಡ್‌ಗಾರ್ಡುಗಳು ಮತ್ತು ಬಾಗಿಲುಗಳ ಕೆಳ ಅರ್ಧ ಬರಿ ತಗಡಿನವರೆಗೆ ಹೋಗಬೇಕು. ಗುಳ್ಳೆ ಎದ್ದಿದೆ ಎಂದರೆ ತುಕ್ಕು ಬಣ್ಣದ ಅಡಿಯಲ್ಲಿ ಹರಿದಾಡುತ್ತಿದೆ ಎಂದರ್ಥ, ಕಣ್ಣಿಗೆ ಕಾಣುವ ಗುಳ್ಳೆಗಿಂತ ಎರಡು ಮೂರು ಪಟ್ಟು ಜಾಗದಲ್ಲಿ ಅದು ಹಬ್ಬಿರುತ್ತದೆ. ಟಿಂಕರ್ ಸುತ್ತಿಗೆ ಆಡಿಸಬೇಕಾದ ಮತ್ತು ವೆಲ್ಡಿಂಗ್ ಆಗಬೇಕಾದ ಜಾಗಗಳೂ ಬರಿಮೈ ಆಗಬೇಕು, ಪುಟ್ಟಿಯ ಮೇಲೆ ಬಡಿದರೆ ತಗಡು ಎಲ್ಲಿ ಎದ್ದಿದೆ, ಎಲ್ಲಿ ಕುಗ್ಗಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಮೇಲ್ಛಾವಣಿಯಲ್ಲಿ ಬಿರುಕು ಇಲ್ಲದಿದ್ದರೆ, ಥಿನ್ನರಿಗೆ ಕರಗದಿದ್ದರೆ, ಅದನ್ನು 240ರಿಂದ ಉಜ್ಜಿ ಬಿಟ್ಟುಬಿಡಿ. ಬಾಗಿಲ ಚೌಕಟ್ಟಿನ ಒಳಭಾಗ, ಡ್ಯಾಶ್‌ಬೋರ್ಡಿನ ಅಡಿ, ಡಿಕ್ಕಿಯ ಒಳಗೋಡೆ ಇವುಗಳ ಗಟ್ಟಿಯಾದ ಮೂಲ ಬಣ್ಣವನ್ನು ತೆಗೆಯುವುದು ಇದ್ದ ರಕ್ಷಣೆಯನ್ನು ದುಡ್ಡು ಕೊಟ್ಟು ಕಳೆದುಕೊಂಡಂತೆ. ಪೂರ್ತಿ ಬರಿಮೈ ಮಾಡಿದರೆ ಮಾತ್ರ ಒಳ್ಳೆಯ ಕೆಲಸ ಎಂಬ ನಂಬಿಕೆ ಈಚೆಗೆ ವೀಡಿಯೊ ನೋಡಿ ಬರುವ ಗಿರಾಕಿಗಳಲ್ಲಿ ಬೆಳೆದಿದೆ. ಅದನ್ನು ನಾನು ಒಪ್ಪುವುದಿಲ್ಲ.

ಇನ್ನು ಸ್ಯಾಂಡ್ ಬ್ಲಾಸ್ಟಿಂಗ್. ನಿಮ್ಮ ಪಕ್ಕದ ಹರಿಹರ ಲೇತ್ ತಯಾರಿಸಿದ ಊರು. ಎರಕದ ಕೆಲಸ, ಎಂಜಿನಿಯರಿಂಗ್ ಕೆಲಸದ ಅನುಭವ ಆ ಭಾಗದಲ್ಲಿ ಧಾರಾಳವಾಗಿದೆ, ಬ್ಲಾಸ್ಟಿಂಗ್ ಮಾಡುವವರನ್ನು ಹುಡುಕುವುದು ಕಷ್ಟವಾಗಲಾರದು. ತೊಡಕಿರುವುದು ಅವರ ಕೈಗೆ ರೂಢಿಯಾದ ವಸ್ತುವಿನಲ್ಲಿ. ಬೆರಳುದಪ್ಪದ ಎರಕದ ಕಬ್ಬಿಣಕ್ಕೆ ಬೇಕಾದ ಒತ್ತಡದಲ್ಲಿ, ಅದೇ ದೂರದಿಂದ, ಒಂದು ಮಿಲಿಮೀಟರಿಗೂ ತೆಳುವಾದ ಕಾರಿನ ತಗಡಿಗೆ ಗನ್ ಹಿಡಿದರೆ ತಗಡು ಉಬ್ಬುತ್ತದೆ. ಬಿಸಿಯಾಗಿ ಉಬ್ಬುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ, ಮುಖ್ಯ ಕಾರಣ ಅದಲ್ಲ. ಪ್ರತಿಯೊಂದು ಕಣವೂ ಒಂದು ಸಣ್ಣ ಸುತ್ತಿಗೆ. ಲಕ್ಷಾಂತರ ಸುತ್ತಿಗೆಗಳು ತಗಡಿನ ಒಂದೇ ಮುಖವನ್ನು ಬಡಿದಾಗ ಆ ಮುಖ ಹಿಗ್ಗುತ್ತದೆ, ಹಿಂಬದಿ ಹಿಗ್ಗುವುದಿಲ್ಲ. ತಗಡಿಗೆ ಬಾಗುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನೇ ಒಂದು ಅಂಬಾಸಿಡರ್ ಬಾನೆಟ್ಟನ್ನು ಹೀಗೆ ಕಳಿಸಿದ್ದೆ. ಬೆಳ್ಳಗೆ, ಮಲ್ಲಿಗೆಯಂತೆ ಶುಚಿಯಾಗಿ ವಾಪಸು ಬಂತು. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಮೈತುಂಬ ಅಲೆ, ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಟಪ್ಪೆಂದು ಒಳಗೆ ಹೋಗಿ ಬಿಟ್ಟರೆ ಟಪ್ಪೆಂದು ಹೊರಗೆ ಬರುತ್ತಿತ್ತು. ಹಿಗ್ಗಿದ ತಗಡನ್ನು ಕುಗ್ಗಿಸಲು ನಮ್ಮ ಮೇಸ್ತ್ರಿ ನಾಲ್ಕು ದಿನ ಕಾಯಿಸಿ ತಣಿಸಿ ಹೋರಾಡಿದರು, ಕೊನೆಗೆ ಬೇರೆ ಬಾನೆಟ್ ಹುಡುಕಿ ತಂದೆವು. ಬ್ಲಾಸ್ಟಿಂಗ್ ಮಾಡಿದವರು ಎರಕಕ್ಕೆ ಮಾಡುವಂತೆಯೇ ಮಾಡಿದ್ದರು, ತಪ್ಪು ಕೇಳದೆ ಕೊಟ್ಟ ನನ್ನದು.

ಸ್ಯಾಂಡ್ ಎಂಬ ಹೆಸರಿದ್ದರೂ ನದಿಯ ಮರಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಒಡೆದ ಮರಳಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿಯಾಗುವ ಚಿಕಿತ್ಸೆ ಇಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಮರಳಿನ ಬ್ಲಾಸ್ಟಿಂಗನ್ನು 1949ರ ನಿಯಮಗಳಲ್ಲೇ ನಿಷೇಧಿಸಿದ್ದರು. ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾಜಿನ ಮಣಿ ಬಳಸುವ ಕಡೆಗೇ ಕೊಡಿ. ಕೊಡಬೇಕಾದ್ದು ಚಕ್ರದ ರಿಮ್ಮುಗಳು, ಸಸ್ಪೆನ್ಷನ್ ತೋಳುಗಳು, ಬಾನೆಟ್ಟಿನ ಹಿಂಜುಗಳು, ಬ್ಯಾಟರಿ ತಟ್ಟೆ, ಬಂಪರ್ ಹಿಡಿಕೆಗಳಂಥ ದಪ್ಪ, ಬಿಚ್ಚಿ ಕೊಡಬಹುದಾದ ಭಾಗಗಳನ್ನು ಮಾತ್ರ. ಇಡೀ ಬಾಡಿ ಕಳಿಸಿದರೆ ಸಿಲ್ಲು, ಕಂಬಗಳಂಥ ಟೊಳ್ಳು ಭಾಗಗಳೊಳಗೆ ಸೇರಿದ ಕಣಗಳು ವರ್ಷಗಟ್ಟಲೆ ಉದುರುತ್ತವೆ, ಹೊಸ ಬಣ್ಣ ಹೊಡೆಯುವ ದಿನ ಗಾಳಿಯ ಪೈಪ್ ತೋರಿಸಿದ ಕೂಡಲೇ ಹೊರಬಂದು ಹಸಿ ಬಣ್ಣದ ಮೇಲೆ ಕೂರುತ್ತವೆ.

ಪೇಂಟ್ ರಿಮೂವರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಹೊರಮೈಯ ಅಗಲವಾದ ತಗಡುಗಳಿಗೆ ಇದು ಒಳ್ಳೆಯ ದಾರಿ, ಮತ್ತು ಎಚ್ಚರ ತಪ್ಪಿದರೆ ಪ್ರಾಣಕ್ಕೆ ಕುತ್ತು ತರುವ ದಾರಿಯೂ ಇದೇ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಬೇಗ ಕೆಲಸ ಮಾಡುವ ರಿಮೂವರುಗಳಲ್ಲಿ ಹಲವದರ ಮುಖ್ಯ ದ್ರವ್ಯ ಮೆಥಿಲೀನ್ ಕ್ಲೋರೈಡ್, ಡಬ್ಬಿಯ ಮೇಲೆ ಡೈಕ್ಲೋರೋಮೀಥೇನ್ ಎಂದೂ ಬರೆದಿರಬಹುದು. ಅದು ಕುದಿಯುವುದು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಏಪ್ರಿಲ್ ತಿಂಗಳಿನ ದಾವಣಗೆರೆಯ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಗಡಿನ ಶೆಡ್ಡಿನಲ್ಲಿಟ್ಟ ಡಬ್ಬಿಯ ಮುಚ್ಚಳವನ್ನು ಆ ಹೊತ್ತಿನಲ್ಲಿ ಎಬ್ಬಿಸಿದರೆ ಸೋಡಾ ಬಾಟಲಿಯಂತೆ ಮುಖಕ್ಕೆ ಚಿಮ್ಮುತ್ತದೆ. ಡಬ್ಬಿಯನ್ನು ನೆರಳಿನಲ್ಲಿ ತಣ್ಣಗಿಟ್ಟು, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ, ನಿಧಾನವಾಗಿ ತೆರೆಯಬೇಕು. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಹಚ್ಚಿದರೆ ಬಣ್ಣದೊಳಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ಹಣವೂ ಹೋಯಿತು, ವಿಷದ ಗಾಳಿಯೂ ಹೆಚ್ಚಾಯಿತು. ಈ ಕೆಲಸಕ್ಕೆ ಬೆಳಗಿನ ಆರರಿಂದ ಒಂಬತ್ತರ ಹೊತ್ತೇ ಸರಿ.

ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮುಚ್ಚಿದ ಶೆಡ್ಡಿನಲ್ಲಿ ಅದು ನೆಲದ ಮೇಲೆ ನೀರಿನಂತೆ ಹರಡುತ್ತದೆ, ಕಾರಿನ ಅಡಿಯ ಕೆಲಸಕ್ಕೆ ತೋಡಿದ ಗುಂಡಿ ಇದ್ದರೆ ಅದರೊಳಗೆ ಇಳಿದು ತುಂಬಿಕೊಳ್ಳುತ್ತದೆ, ಗುಂಡಿಗೆ ಇಳಿದವನಿಗೆ ತಲೆ ತಿರುಗುವುದರೊಳಗೆ ಮೇಲೆ ಹತ್ತುವ ಶಕ್ತಿ ಉಳಿದಿರುವುದಿಲ್ಲ. ದೇಹ ಸೇರಿದ ಮೆಥಿಲೀನ್ ಕ್ಲೋರೈಡಿನ ಒಂದು ಪಾಲು ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುವುದರಿಂದ ಹೃದಯದ ತೊಂದರೆ ಇರುವವರು ಇದರ ಹತ್ತಿರವೇ ಸುಳಿಯಬಾರದು. ಮನೆಬಳಕೆಯವರಿಗೆ ಇಂಥ ರಿಮೂವರ್ ಮಾರುವುದನ್ನು ಅಮೆರಿಕ 2019ರಲ್ಲಿ ನಿಷೇಧಿಸಿದ್ದು ಸಾವುಗಳನ್ನು ನೋಡಿದ ಮೇಲೆಯೇ. ಪೇಂಟರುಗಳು ಹಾಕುವ ಇದ್ದಿಲಿನ ಕ್ಯಾನಿನ ಮಾಸ್ಕ್ ಈ ಆವಿಯನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ, ಬಟ್ಟೆಯ ಮಾಸ್ಕ್ ಅಂತೂ ಇದ್ದೂ ಇಲ್ಲದಂತೆ. ಸಾಧಾರಣ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ, ಕೈ ಉರಿಯತೊಡಗಿದಾಗಲೇ ಅದು ನಮಗೆ ಗೊತ್ತಾಗುವುದು. ಬಯಲಿನಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಂತು ಕೆಲಸ ಮಾಡಿ, ಒಬ್ಬರೇ ಇದ್ದಾಗ ಮಾಡಬೇಡಿ. ಮೆಥಿಲೀನ್ ಕ್ಲೋರೈಡ್ ಇಲ್ಲದ ರಿಮೂವರ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಇಪ್ಪತ್ತು ನಿಮಿಷದ ಬದಲು ಕೆಲವು ಗಂಟೆ ಕಾಯಬೇಕಾಗುತ್ತದೆ, ಕಾಯುವುದರಿಂದ ಯಾರೂ ಸತ್ತಿಲ್ಲ.

ಹಚ್ಚುವ ಕ್ರಮ ಹೀಗೆ. ಮೊದಲು 40ರ ಎಮರಿ ಪೇಪರಿನಿಂದ ಬಣ್ಣದ ಮೇಲೆ ಅಡ್ಡಡ್ಡ ಗೀರು ಹಾಕಿ, ದ್ರವ ಒಳಗಿಳಿಯಲು ದಾರಿಯಾಗುತ್ತದೆ. ಬಾಗಿಲ ಅಂಚು, ತಗಡುಗಳು ಕೂಡುವ ಸಂದುಗಳಿಂದ ಒಂದು ಅಂಗುಲ ಬಿಟ್ಟು ಟೇಪ್ ಅಂಟಿಸಿ. ಸಂದಿಗೆ ಇಳಿದ ರಿಮೂವರ್ ಹೊರಬರುವುದಿಲ್ಲ, ಆರು ತಿಂಗಳ ನಂತರ ಹೊಸ ಬಣ್ಣದ ಅಡಿಯಿಂದ ಗುಳ್ಳೆಯಾಗಿ ಬರುತ್ತದೆ. ಆ ಒಂದು ಅಂಗುಲವನ್ನು ಕೊನೆಗೆ ಕೈಯಿಂದಲೇ ಕೆರೆಯಬೇಕು. ದಪ್ಪವಾಗಿ, ಒಂದೇ ದಿಕ್ಕಿಗೆ ಬ್ರಶ್ ಎಳೆಯಿರಿ, ಗೋಡೆಗೆ ಸುಣ್ಣ ಬಳಿದಂತೆ ಹಿಂದೆ ಮುಂದೆ ತಿಕ್ಕಬೇಡಿ. ರಿಮೂವರಿನಲ್ಲಿರುವ ಮೇಣ ಮೇಲೆ ತೇಲಿ ಮುಚ್ಚಳವಾಗಿ ಕೂತು ಆವಿಯನ್ನು ತಡೆಯುತ್ತದೆ, ಮತ್ತೆ ಬ್ರಶ್ ಆಡಿಸಿದರೆ ಆ ಮುಚ್ಚಳ ಒಡೆಯುತ್ತದೆ. ಮೇಲೆ ಪಾಲಿಥೀನ್ ಹಾಳೆ ಹೊದಿಸಿ ಕಾಯಿರಿ. ಬಣ್ಣ ಸುಕ್ಕಾಗಿ ಎದ್ದ ಮೇಲೆ, ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದ ಸ್ಕ್ರೇಪರಿನಿಂದ ತೆಗೆಯಿರಿ, ಚೂಪಾದ ಮೂಲೆ ತಗಡಿನಲ್ಲಿ ಗೀರು ಬಿಡುತ್ತದೆ. ಬಣ್ಣದಡಿ ಪುಟ್ಟಿ ಇದ್ದರೆ ಅದು ರಿಮೂವರನ್ನು ಸ್ಪಂಜಿನಂತೆ ಹೀರಿಕೊಂಡಿರುತ್ತದೆ, ಅಂಥ ಪುಟ್ಟಿಯನ್ನು ಗಟ್ಟಿಯಾಗಿದೆ ಎಂದು ಉಳಿಸಿಕೊಳ್ಳಬೇಡಿ. ಕೊನೆಯಲ್ಲಿ ಡಬ್ಬಿಯ ಮೇಲೆ ಬರೆದಂತೆ ನೀರಿನಿಂದಲೋ ಥಿನ್ನರಿನಿಂದಲೋ ತೊಳೆದು, ಉಳಿದ ಮೇಣವನ್ನು ಪ್ರತಿ ಸಲವೂ ಹೊಸ ಬಟ್ಟೆ ಬಳಸಿ ಎರಡು ಬಾರಿ ಒರೆಸಬೇಕು. ಕೆರೆದು ತೆಗೆದ ಅಂಟನ್ನು ಚರಂಡಿಗೆ, ಕಾಲುವೆಗೆ ಬಿಡದೆ ಹಳೆಯ ಪೇಂಟ್ ಡಬ್ಬಿಯಲ್ಲಿ ತುಂಬಿ ಮುಚ್ಚಿಡಿ.

ಕಾಸ್ಟಿಕ್ ಸೋಡಾ ಮತ್ತು ಆಸಿಡ್ಡಿನ ವಿಷಯವನ್ನು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಸ್ಟಿಕ್ ನೀರು ಎನಾಮೆಲ್ಲನ್ನು ಚೆನ್ನಾಗಿ ತಿನ್ನುತ್ತದೆ, ಅಲ್ಯೂಮಿನಿಯಂ ಪಟ್ಟಿಗಳನ್ನೂ ಅಷ್ಟೇ ಚೆನ್ನಾಗಿ ತಿನ್ನುತ್ತದೆ, ಮಡಿಕೆಗಳಲ್ಲಿ ಉಳಿದದ್ದು ಮುಂದೆ ಬಣ್ಣವನ್ನು ಎಬ್ಬಿಸುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ತುಕ್ಕನ್ನು ಕಣ್ಣೆದುರೇ ಕರಗಿಸಿದರೂ ಅದು ಬಿಟ್ಟುಹೋಗುವ ಕ್ಲೋರೈಡಿನಿಂದ ಮರುದಿನವೇ ತುಕ್ಕು ವಾಪಸು ಬರುತ್ತದೆ. ತಗ್ಗುಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫೋರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಬಳಸಿ, ಅದನ್ನೂ ಮೈಮೇಲೆಯೇ ಒಣಗಲು ಬಿಡದೆ ಪೂರ್ತಿ ತೊಳೆದು ಒಣಗಿಸಿ, ಆಸಿಡ್ ಉಳಿದ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ, ತೇವ ತಡೆಯುವ ಅಡಿ ಪದರ) ಹಿಡಿಯುವುದಿಲ್ಲ.

ಯಂತ್ರದಿಂದ ಉಜ್ಜುವುದಾದರೆ ಗ್ರೈಂಡರಿಗೆ 36ರ ಗಟ್ಟಿ ಡಿಸ್ಕ್ ಹಾಕುವ ರೂಢಿಯನ್ನು ನಿಮ್ಮ ಕಾರಿನ ಹತ್ತಿರ ಸುಳಿಯಗೊಡಬೇಡಿ. ಅದು ಬಣ್ಣದ ಜೊತೆ ತಗಡನ್ನೂ ತಿನ್ನುತ್ತದೆ, ಒಂದೇ ಕಡೆ ನಿಂತರೆ ತಗಡು ನೀಲಿಗಟ್ಟುವಷ್ಟು ಕಾಯುತ್ತದೆ, ಬಾನೆಟ್ಟಿನ ನಡುವಿನ ಏಣು ಮತ್ತು ಬಾಗಿಲಿನ ಉದ್ದಕ್ಕೂ ಓಡುವ ಗೆರೆಗಳಂಥ ಉಬ್ಬುಗಳು ಎರಡು ಬೀಸಿಗೇ ಸವೆದುಹೋಗುತ್ತವೆ. ತಂತಿ ಬ್ರಶ್ ಹೊಳಪು ಕೊಟ್ಟು ಮೋಸ ಮಾಡುತ್ತದೆ. ಮೇಲ್ಮೈ ಬೆಳ್ಳಿಯಂತೆ ಹೊಳೆದರೂ ತಗ್ಗಿನೊಳಗಿನ ತುಕ್ಕು ಅಲ್ಲೇ ಇರುತ್ತದೆ, ಬಿಟ್ಟ ತಂತಿಗಳು ಕಣ್ಣಿಗೆ ಹಾರುತ್ತವೆ. ಬಲೆಯಂತೆ ಸಡಿಲವಾಗಿರುವ ಸ್ಟ್ರಿಪ್ ಡಿಸ್ಕ್ ಸಿಗುತ್ತದೆ, ಅದು ಬಣ್ಣ ಮತ್ತು ತುಕ್ಕನ್ನು ಕಿತ್ತು ತಗಡನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ವೇಗ ಇಳಿಸಬಹುದಾದ ಗ್ರೈಂಡರಿಗೆ ಅದನ್ನು ಹಾಕಿ, ಡಿಸ್ಕಿನ ಮೇಲೆ ಬರೆದ ವೇಗದ ಮಿತಿಯನ್ನು ನೋಡಿ, ಒತ್ತದೆ, ಸದಾ ಸರಿಸುತ್ತ ಬಳಸಿ. ನಂತರ ಡಿಎ ಸ್ಯಾಂಡರಿನಲ್ಲಿ (ಸುತ್ತುತ್ತಲೇ ಅತ್ತಿತ್ತ ಅಲುಗಿ ಉಜ್ಜುವ ಯಂತ್ರ) 80ರ ಕಾಗದ ಹಿಡಿದರೆ ಎಪಾಕ್ಸಿ ಹಿಡಿಯಲು ಬೇಕಾದ ಗೀರು ಸಿಗುತ್ತದೆ. ಡಿಎ ಗಾಳಿಯಿಂದ ಓಡುವಂಥದ್ದಾದರೆ ಸಣ್ಣ ಕಂಪ್ರೆಸರ್ ಸಾಲದು, ಅರ್ಧ ನಿಮಿಷ ಓಡಿ ನಿಲ್ಲುತ್ತದೆ, ಕರೆಂಟಿನದನ್ನು ಬಾಡಿಗೆಗೆ ತನ್ನಿ. ದಪ್ಪ ಪುಟ್ಟಿಗೆ ಹೀಟ್ ಗನ್ ಸುಲಭ, ಬಿಸಿಗೆ ಮೆತ್ತಗಾಗಿ ಸ್ಕ್ರೇಪರಿಗೆ ಏಳುತ್ತದೆ. ಬೆಂಕಿಯ ಟಾರ್ಚ್ ಮಾತ್ರ ಬೇಡ, ಹೀಟ್ ಗನ್ನನ್ನೂ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟ ಮೇಲಷ್ಟೇ ಹಚ್ಚಿ. ಆ ಕಾಲದ ಕಾರುಗಳಲ್ಲಿ ತಗಡಿನ ಕೂಡುಗಳಿಗೆ ಸೀಸದ ಬೆಸುಗೆ ತುಂಬಿರುವುದುಂಟು. ಬೂದುಬಣ್ಣದ, ಉಗುರಿಗೆ ಗೀರು ಬೀಳುವಷ್ಟು ಮೆತ್ತನೆಯ, ಅಯಸ್ಕಾಂತ ಹಿಡಿಯದ ಲೋಹ ಕಂಡರೆ ಅದು ಅದೇ. 183 ಡಿಗ್ರಿಗೇ ಅದು ಮೆತ್ತಗಾಗತೊಡಗುತ್ತದೆ, ಅಲ್ಲಿಗೆ ಹೀಟ್ ಗನ್ ಹಿಡಿದರೆ ಕೂಡು ಕರಗಿ ಕೆಳಗಿಳಿಯುತ್ತದೆ.

ಸೀಸದ ಮಾತು ಬಂದದ್ದರಿಂದ ನಿಮ್ಮ ಮಗನ ವಿಷಯ. ಹಳೆಯ ವಾಹನಗಳ ಹಳದಿ, ಕೆಂಪು, ಕೇಸರಿ ಬಣ್ಣಗಳಲ್ಲಿಯೂ ಕೆಂಪು ಪ್ರೈಮರಿನಲ್ಲಿಯೂ ಸೀಸ ಇರುವ ಸಾಧ್ಯತೆ ಹೆಚ್ಚು. ಸೀಸವನ್ನು 90 ಪಿಪಿಎಮ್‌ಗೆ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿಗೊಳಿಸಿದ 2016ರ ಭಾರತದ ನಿಯಮ ಮನೆಗೆ ಬಳಿಯುವ ಬಣ್ಣಗಳಿಗೆ ಸಂಬಂಧಿಸಿದ್ದು, ನಿಮ್ಮ ಕಾರಿನ ಬಣ್ಣವಂತೂ ಅದಕ್ಕಿಂತ ಅರ್ಧ ಶತಮಾನ ಹಿಂದಿನದು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ವಾಪಸು ಪಡೆಯಲಾಗದ್ದು, ಆದ್ದರಿಂದ ಉಜ್ಜುವ, ಕೆರೆಯುವ, ರಿಮೂವರ್ ಹಚ್ಚುವ ಕೆಲಸಕ್ಕೆ ಹುಡುಗನನ್ನು ಸೇರಿಸಬೇಡಿ. ಕೈಯಿಂದ ಉಜ್ಜುವಾಗ ಬಣ್ಣದ ಪದರಗಳಿರುವವರೆಗೆ ನೀರು ಹಾಕಿಯೇ ಉಜ್ಜಿ, ಯಂತ್ರ ಹಿಡಿದಾಗ ಎನ್95ಕ್ಕಿಂತ ಮೇಲಿನ ದರ್ಜೆಯ, ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್ ಹಾಕಿ, ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಮನೆಯವರ ಬಟ್ಟೆಯ ಜೊತೆ ಸೇರಿಸದೆ ಒಗೆಯಿರಿ. ಹುಡುಗನಿಗೆ ಇದಕ್ಕಿಂತ ಕಷ್ಟದ, ಹೆಚ್ಚು ತಾಳ್ಮೆ ಬೇಡುವ ಕೆಲಸವಿದೆ. ಬಂಪರ್, ಕ್ರೋಮ್ ಪಟ್ಟಿ, ದೀಪ, ರಬ್ಬರ್, ಹಿಡಿಕೆಗಳನ್ನು ನಿಮ್ಮ ಜೊತೆ ಬಿಚ್ಚಿ, ಪ್ರತಿಯೊಂದರ ಸ್ಕ್ರೂಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಎಲ್ಲಿಯದು ಎಂದು ಬರೆದು, ಬಿಚ್ಚುವ ಮೊದಲಿನ ಫೋಟೊ ಜೋಡಿಸಿಡುವುದು. ಎಂಟು ತಿಂಗಳ ನಂತರ ಕಾರು ಮತ್ತೆ ಕಾರಾಗುವುದು ಅವನ ಆ ಕವರುಗಳಿಂದ.

ಬರಿ ತಗಡು ಸಿಕ್ಕಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ನಮ್ಮ ಚಿತ್ರದುರ್ಗ, ದಾವಣಗೆರೆಗಳ ಒಣ ಹವೆ ಕರಾವಳಿಯವರಿಗೆ ಸಿಗದ ಭಾಗ್ಯ, ಆದರೆ ಅದನ್ನು ನಂಬಿ ಮಲಗುವಂತಿಲ್ಲ. ಒಂದು ಸಲ ಬೆಳಿಗ್ಗೆ ಬಂದು ನೋಡಿದಾಗ, ಹಿಂದಿನ ಸಂಜೆ ಶುಚಿಮಾಡಿ ಬಿಟ್ಟಿದ್ದ ಬಾಗಿಲಿನ ಮೇಲೆ ಐದು ಬೆರಳೂ ಅಂಗೈಯೂ ಅಚ್ಚೊತ್ತಿದಂತೆ ಕಂದು ಬಣ್ಣದಲ್ಲಿ ಮೂಡಿದ್ದವು. ನಮ್ಮ ಹುಡುಗನೊಬ್ಬ ಬಾಗಿಲನ್ನು ಗೋಡೆಗೆ ಒರಗಿಸುವಾಗ ಬೆವರಿದ ಕೈಯಿಂದ ಹಿಡಿದಿದ್ದ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಇಬ್ಬನಿ ಇನ್ನೊಂದು ಶತ್ರು. ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆಳಗಿನ ಗಾಳಿಯ ತೇವ ಕೂತು, ಮಳೆ ಇಲ್ಲದೆಯೂ ತುಕ್ಕು ಹಿಡಿಯುತ್ತದೆ. ಕೋಟೆಯ ಆಚೆ ಜೋಗಿಮಟ್ಟಿ ಕಡೆಯ ಗುಡ್ಡಗಳ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿಯಲ್ಲಂತೂ ಧೂಳು ಬೀಳದಂತೆ ಪ್ರೈಮರ್ ಹೊಡೆಯುವುದು ನನ್ನ ಶೆಡ್ಡಿನಲ್ಲಿ ಇಂದಿಗೂ ಸಾಧ್ಯವಾಗಿಲ್ಲ. ಈ ಕೆಲಸಕ್ಕೆ ನಮ್ಮ ಕಡೆ ಶಿವರಾತ್ರಿಯಿಂದ ಯುಗಾದಿಯ ನಡುವಿನ ದಿನಗಳೇ ಒಳ್ಳೆಯವು. ನೀವು ಬೇಸಿಗೆ ರಜೆ ಎಂದಿದ್ದೀರಿ, ಆಗಲೂ ಆಗುತ್ತದೆ, ಬೆಳಗಿನ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಆಸೆಪಡಬೇಡಿ.

ಆದ್ದರಿಂದ ನಿಯಮ ಒಂದೇ: ಆ ದಿನ ಎಪಾಕ್ಸಿ ಪ್ರೈಮರ್ ಹೊಡೆಯಲು ಆಗುವಷ್ಟು ತಗಡನ್ನೇ ಆ ದಿನ ಬರಿಮೈ ಮಾಡಿ. ಟಿಂಕರ್ ಬರುವುದು ಮುಂದಿನ ವಾರವಾದರೂ ಎಪಾಕ್ಸಿ ಹೊಡೆದೇ ಬಿಡಿ, ಅವರು ಬಡಿಯುವ ಮತ್ತು ಬೆಸೆಯುವ ಜಾಗದಲ್ಲಿ ಮಾತ್ರ ಅದನ್ನು ಉಜ್ಜಿಕೊಳ್ಳುತ್ತಾರೆ, ನಂತರ ಮತ್ತೆ ಹೊಡೆದರಾಯಿತು. ಬರಿ ತಗಡನ್ನು ಮುಟ್ಟುವಾಗ ಬಟ್ಟೆಯ ಗ್ಲೌಸ್ ಇರಲಿ, ಎಪಾಕ್ಸಿಗೆ ಮುನ್ನ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರಿನಿಂದ ಒರೆಸಿ, ಆಮೇಲೆ ಬರಿ ತಗಡಿಗೆ ನೀರು ತೋರಿಸಬೇಡಿ. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಹೊಡೆಯುವ ಬೂದು ಬಣ್ಣದ ಎನ್‌ಸಿ ಪ್ರೈಮರನ್ನು ಇದಕ್ಕೆ ಬದಲಾಗಿ ಒಪ್ಪಿಕೊಳ್ಳಬೇಡಿ. ಅದು ಇಟ್ಟಿಗೆಯಂತೆ ತೇವವನ್ನು ಒಳಗೆ ಬಿಡುತ್ತದೆ, ಬೂದು ಪ್ರೈಮರಿನಲ್ಲಿ ಒಂದು ಮಳೆಗಾಲ ಕಳೆದ ಕಾರಿನ ಪ್ರೈಮರ್ ಕೆರೆದರೆ ಅಡಿಯಲ್ಲಿ ಕೆಂಪಗಿರುತ್ತದೆ. ಎಪಾಕ್ಸಿಯ ಮೇಲೆ ಪುಟ್ಟಿ ಹಾಕಲು ಎಷ್ಟು ಗಂಟೆಯೊಳಗೆ ಉಜ್ಜದೆ ಹಾಕಬಹುದು, ಆಮೇಲಾದರೆ ಉಜ್ಜಬೇಕು ಎಂಬುದನ್ನು ಆಯಾ ಡಬ್ಬಿಯ ಸೂಚನೆಯಂತೆ ಮಾಡಿ, ಪೇಂಟರಿನ ಅಂದಾಜಿನಂತೆ ಬೇಡ. ಸಿಲ್ಲುಗಳಲ್ಲಿ ತೂತು ಕಂಡರೆ ಬಾಗಿಲುಗಳು ಇದ್ದಂತೆಯೇ ಅವುಗಳ ಸಂದುಗಳನ್ನು ಅಳೆದು ಬರೆದಿಟ್ಟುಕೊಳ್ಳಿ, ಎರಡೂ ಕಡೆಯ ಸಿಲ್ಲನ್ನು ಒಟ್ಟಿಗೆ ಕತ್ತರಿಸಲು ಬಿಡಬೇಡಿ, ನಡು ಕುಸಿದರೆ ಬಾಗಿಲು ಮತ್ತೆ ಕೂರುವುದಿಲ್ಲ.

ಕಾಗದಪತ್ರದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕಾರಿನಲ್ಲಿ ಎಲ್ಲಿ ಒತ್ತಿದ್ದಾರೆ ಎಂದು ಮೊದಲೇ ಹುಡುಕಿ, ಫೋಟೊ ಮತ್ತು ಪೆನ್ಸಿಲ್ ಅಚ್ಚು ತೆಗೆದು, ಅದರ ಮೇಲೆ ಎರಡು ಪದರ ಟೇಪ್ ಅಂಟಿಸಿ, ಅಲ್ಲಿಗೆ ಯಂತ್ರವನ್ನು ತರಲೇಬೇಡಿ, ಸವೆದ ನಂಬರ್ ಆರ್‌ಟಿಒ ಕಚೇರಿಯಲ್ಲಿ ದೊಡ್ಡ ತಲೆನೋವು. ಬಣ್ಣ ಬದಲಿಸುವುದಾದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕಾಗುತ್ತದೆ. ನಿಮ್ಮದು 50 ವರ್ಷ ದಾಟಿದ ಕಾರಾದ್ದರಿಂದ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೂ ಅರ್ಹ. ಹತ್ತು ವರ್ಷಗಳ ಆ ನೋಂದಣಿಗೆ ಹೊಸದಾಗಿ 20,000 ರೂಪಾಯಿ ಶುಲ್ಕವಿದೆ, ಬಾಡಿ ಮತ್ತು ಎಂಜಿನ್ ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಮಾತ್ರ ಬಳಸುವಂತಿಲ್ಲ. ಅಂಗಡಿಗೆ, ದೇವಸ್ಥಾನಕ್ಕೆ ಓಡಿಸಬೇಕೆಂಬ ಆಸೆ ಇದ್ದರೆ ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಮೇಲು.

ಬಾನೆಟ್ಟಿನಿಂದ ಶುರುಮಾಡಬೇಡಿ, ಎದುರಿಗೇ ಕಾಣುವ ಭಾಗದ ಮೇಲೆ ಕೈ ಕಲಿಯಬಾರದು. ಡಿಕ್ಕಿಯ ಬಾಗಿಲನ್ನು ಬಿಚ್ಚಿ, ಎರಡು ಸ್ಟೂಲುಗಳ ಮೇಲೆ ಹಳೆಯ ಕಂಬಳಿ ಹಾಸಿ ಮಲಗಿಸಿ, ಒಂದು ಭಾನುವಾರ ಅದರ ಹೊರಮೈಯನ್ನು ಮಾತ್ರ ಮಾಡಿ ನೋಡಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ರಿಮೂವರ್, ಎಷ್ಟು ಡಿಸ್ಕ್ ಖರ್ಚಾಯಿತು ಎಂದು ಬರೆದಿಟ್ಟರೆ ಇಡೀ ಕಾರಿನ ಲೆಕ್ಕ ಅದರಿಂದಲೇ ಸಿಗುತ್ತದೆ, ಉಳಿದದ್ದನ್ನು ನೀವೇ ಮಾಡಬೇಕೋ ಕೆಲಸಗಾರರಿಗೆ ಕೊಡಬೇಕೋ ಎಂಬುದೂ ಗೊತ್ತಾಗುತ್ತದೆ. ಆ ಬಾಗಿಲಿನ ಒಳಮೈಯಲ್ಲಿ, ಬೀಗದ ಪಕ್ಕ, ಬಿಸಿಲು ಕಾಣದ ಮೂಲ ಬಣ್ಣ ಉಳಿದಿದ್ದರೆ ಅಂಗೈ ಅಗಲದಷ್ಟನ್ನು ಟೇಪ್ ಹಾಕಿ ಹಾಗೇ ಬಿಡಿ. ಮುಂದೆ ಬಣ್ಣ ಬೆರೆಸುವವರ ಮುಂದೆ ನಿಮ್ಮ ಅಜ್ಜ ಕೊಂಡ ಕಾರು ಯಾವ ಬಣ್ಣದ್ದಿತ್ತು ಎಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.